ಕ್ಷಮಾವಣಿಯ ದಿನ ಹಾಕಿದ ತಡೆ

ಬೆಳಿಗ್ಗೆ ಹತ್ತೂಮುಕ್ಕಾಲಿಗೆ ನಂದಾ ಪಾರಿಸಪ್ಪನವರ ಖಾತೆಗೆ ತಡೆ ಹಾಕಿದಳು. ಗುಂಡಿ ಒತ್ತಿದ ಮೇಲೆ ಪರದೆಯಲ್ಲಿ ಒಂದು ಸಾಲು ಮೂಡಿತು: ತೇರದಾಳ ಪಾರಿಸಪ್ಪ, ಬರೆಯುವ ಹಕ್ಕು ರದ್ದು, ಕಾರಣ, ಒಂದೇ ಬರಹವನ್ನು ಅನೇಕ ಪುಟಗಳಿಗೆ ಸುರಿಯುತ್ತಿರುವುದು, ಖಾತೆ ಕಳುವಾದ ಅನುಮಾನ, ತಡೆದವರು, ನಂದಾ ರಬಕವಿ. ಊರಕೋಶ ಎಂಬ ಆ ಜಾಲತಾಣದಲ್ಲಿ ಯಾರು ಬೇಕಾದರೂ ತಮ್ಮ ಊರಿನ ಬಗ್ಗೆ ಬರೆಯಬಹುದು, ಯಾರು ಬರೆದದ್ದನ್ನೂ ಯಾರು ಬೇಕಾದರೂ ತಿದ್ದಬಹುದು. ತಡೆಯ ಸಾಲನ್ನು ಮಾತ್ರ ಯಾರೂ ಅಳಿಸಲಾರರು. ತಡೆ ತೆಗೆದರೆ ತೆಗೆದ ಸಾಲು ಅದರ ಕೆಳಗೆ ಬರುತ್ತದೆ, ಹಾಕಿದ ಸಾಲು ಹಾಗೆಯೇ ಉಳಿಯುತ್ತದೆ. ನಂದಾಳಿಗೆ ಕಾವಲಿನ ಕೆಲಸ ಕೊಟ್ಟು ಇನ್ನೂ ಒಂದು ಮಳೆಗಾಲ ಪೂರ್ತಿ ಕಳೆದಿರಲಿಲ್ಲ. ಮುಖ ಕಾಣದೆ, ಜಾಲತಾಣದಲ್ಲೇ ಬರೆದು ಬರೆದು ಅವಳಿಗೆ ಆ ಕೆಲಸ ಕಲಿಸಿದವರೇ ಪಾರಿಸಪ್ಪ.

ಪಕ್ಕದ ಕೋಣೆಯಲ್ಲಿ ನಾಲ್ಕು ಮಗ್ಗಗಳೂ ಒಟ್ಟಿಗೆ ಓಡುತ್ತಿದ್ದವು. ಆ ಸದ್ದು ನಿಂತರೆ ಮಾತ್ರ ಅವಳಿಗೆ ಕೇಳಿಸುತ್ತಿತ್ತು. ಪರದೆಯ ಎಡಭಾಗದಲ್ಲಿ ಸೀರೆಯ ಅಂಚಿನ ನಕ್ಷೆ ಇತ್ತು. ಮಗ್ಗಕ್ಕೆ ನಕ್ಷೆ ಹೇಳುವ ಜಕಾರ್ಡ್ ಪಟ್ಟಿಗೆ ತೂತು ಹೊಡೆಯುವವರು ಅದನ್ನು ನೋಡಿಯೇ ಹೊಡೆಯಬೇಕು, ಸಂಜೆಯೊಳಗೆ ಬನಹಟ್ಟಿಗೆ ಕಳಿಸಬೇಕು. ಒಂದು ಚೌಕ ತಪ್ಪಿ ತುಂಬಿದರೆ ಆ ತಪ್ಪು ಸೀರೆಯ ಉದ್ದಕ್ಕೂ ಮತ್ತೆ ಮತ್ತೆ ಬೀಳುತ್ತದೆ. ಬಲಭಾಗದಲ್ಲಿ ಊರಕೋಶದ ಹೊಸ ಬದಲಾವಣೆಗಳು ಒಂದರ ಮೇಲೊಂದು ಬರುತ್ತಿದ್ದವು. ಅನುಮಾನದವುಗಳಿಗೆ ಸೋಸುಯಂತ್ರ ತಾನಾಗಿಯೇ ಕೆಂಪು ಹಚ್ಚುತ್ತಿತ್ತು. ಎಡಕ್ಕೆ ಒಂದೇ ಹೂವು ಮತ್ತೆ ಮತ್ತೆ ಬಂದರೆ ಅದು ಕಸುಬು, ಬಲಕ್ಕೆ ಒಂದೇ ಮಾತು ಮತ್ತೆ ಮತ್ತೆ ಬಂದರೆ ಅದು ಅಪರಾಧ ಎಂದು ಅವಳಿಗೆ ಒಮ್ಮೊಮ್ಮೆ ನಗು ಬರುತ್ತಿತ್ತು. ಇವತ್ತು ಬಲಭಾಗ ಪೂರ್ತಿ ಕೆಂಪಾಯಿತು. ಪಾರಿಸಪ್ಪನವರ ಹೆಸರಿನಲ್ಲಿ ಪುಟದ ಮೇಲೆ ಪುಟ, ಎಲ್ಲದರಲ್ಲೂ ಅದೇ ಎರಡು ವಾಕ್ಯ: 'ಕಳೆದ ವರ್ಷ ತಿಳಿದೋ ತಿಳಿಯದೆಯೋ ನನ್ನಿಂದ ನಿಮಗೆ ನೋವಾಗಿದ್ದರೆ ಕ್ಷಮಿಸಿರಿ. ನನ್ನ ಮನಸ್ಸಿನಲ್ಲಿ ಏನೂ ಇಲ್ಲ.' ಅದೂ ಯಾರ ಯಾರ ಸ್ವಂತ ಪುಟಗಳಲ್ಲಿ? ಜಮಖಂಡಿಯ ಲೇಖನದೊಳಗೆ ಹುಡುಗಿಯೊಬ್ಬಳ ಹೆಸರು ಬರೆದು ಪಕ್ಕದಲ್ಲಿ ಹೃದಯದ ಚಿತ್ರ ಹಾಕಿದವನು, ಹಿಪ್ಪರಗಿ ಬ್ಯಾರೇಜಿನ ನೀರಿನ ಅಳತೆಯ ಜಾಗದಲ್ಲಿ ಬೈಗುಳ ತುಂಬಿದವನು, ಮುಧೋಳ ನಾಯಿಯ ಲೇಖನದ ಬುಡಕ್ಕೆ ಮರಿ ಮಾರುವ ಫೋನ್ ನಂಬರ್ ಅಂಟಿಸಿದವನು, ಬೊಜ್ಜು ಕರಗಿಸುವ ಗುಳಿಗೆ ಮಾರುವ, ಮನುಷ್ಯನೇ ಅಲ್ಲದ ಯಾವುದೋ ಯಂತ್ರ. ಎಲ್ಲರೂ ಹಿಂದೆ ಪಾರಿಸಪ್ಪನವರಿಂದಲೇ ತಡೆಗೊಳಗಾದವರು. ಹೋದ ವಾರವಷ್ಟೇ ಬೇರೆ ಜಿಲ್ಲೆಯ ಹಿರಿಯ ಕಾವಲುಗಾರರೊಬ್ಬರ ಖಾತೆಯನ್ನು ಯಾರೋ ಕದ್ದು, ಜೂಜಿನ ಜಾಹೀರಾತು ತುಂಬಿ ಹೋಗಿದ್ದರು. ಮೊದಲು ತಡೆಯಿರಿ, ಆಮೇಲೆ ಕೇಳಿರಿ ಎಂದು ಆಗಲೇ ಎಲ್ಲರಿಗೂ ಸೂಚನೆ ಬಂದಿತ್ತು. ಅವಳು ಮೊದಲು ತಡೆದಳು.

ನಿಯಮ ಅವಳ ಪಕ್ಷದಲ್ಲಿತ್ತು. ಆದರೂ ಕೈಯನ್ನು ಮೌಸಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಾಗ, ಬೆರಳಿನಲ್ಲಿ ಏನೋ ಉಳಿದಿತ್ತು. ಬೆಲ್ಲ ಮುಟ್ಟಿದ ಬೆರಳಿಗೆ ಉಳಿಯುವಂಥ ಅಂಟು. ಗುಂಡಿ ಒತ್ತಿದ ಆ ಒಂದು ಗಳಿಗೆ ತನಗೆ ಏನನ್ನಿಸಿತು ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಖಾತೆ ಉಳಿಸಬೇಕು ಅನ್ನಿಸಿತೇ? ಅನ್ನಿಸಿತು. ಅಷ್ಟೇ ಅನ್ನಿಸಿತೇ? ಎರಡು ವರ್ಷದ ಹಿಂದೆ, ಊರಕೋಶಕ್ಕೆ ಅವಳು ಹೊಸಬಳಾಗಿದ್ದಾಗ, ಮೊದಲು ಬರೆದದ್ದು ಅತ್ತೆಯ ಅಂಚಿನ ಬಗ್ಗೆ. ಅತ್ತೆ ಅನಸವ್ವ ಕೈಮಗ್ಗದ ಕಾಲದಲ್ಲಿ ನೇಯುತ್ತಿದ್ದ, ಹಕ್ಕಿಯ ಕೊಕ್ಕು ಸಾಲಾಗಿ ನಿಂತ ಹಾಗೆ ಕಾಣುವ ಚುಂಚಿನ ಅಂಚು. ಅದು ಹುಟ್ಟಿದ್ದೇ ತಮ್ಮ ಓಣಿಯಲ್ಲಿ, ತಮ್ಮ ಮಾವನ ತಂದೆಯ ಮಗ್ಗದಲ್ಲಿ ಎಂದು ಅತ್ತೆ ಹೇಳಿದ್ದನ್ನು ಹಾಗೆಯೇ ಬರೆದು, ಮನೆಯವರನ್ನೆಲ್ಲ ಕರೆದು ತೋರಿಸಿದ್ದಳು. ಅತ್ತೆ ಪರದೆಗೆ ಕೈ ತಾಗಿಸಿ ನೋಡಿದ್ದಳು. ಮರುದಿನ ಬೆಳಿಗ್ಗೆ ಆ ಪುಟ ಇರಲಿಲ್ಲ. 'ಮೂಲ ಇಲ್ಲ. ಅಳಿಸಲಾಗಿದೆ. ತೇರದಾಳ ಪಾರಿಸಪ್ಪ.' ಅತ್ತೆ ಕೇಳಿದಾಗ ನೆಟ್ ಇಲ್ಲ ಎಂದಿದ್ದಳು. ಗಂಡ ರಾಜಕುಮಾರ ಕೇಳಿದಾಗಲೂ ನೆಟ್ ಇಲ್ಲ ಎಂದಳು. ಆಮೇಲೆ ಯಾರೂ ಕೇಳಲಿಲ್ಲ, ಅದು ಇನ್ನೂ ಕೆಟ್ಟದ್ದಾಗಿತ್ತು.

ಆ ಸಿಟ್ಟಿನಲ್ಲೇ ಅವಳು ಪಾರಿಸಪ್ಪನವರ ಬೆನ್ನು ಹತ್ತಿದ್ದು. ಈ ಮನುಷ್ಯ ಬೇರೆಯವರದ್ದೂ ಹೀಗೇ ಅಳಿಸುತ್ತಾನೋ, ತನ್ನದೊಂದನ್ನೇ ಅಳಿಸಿದನೋ ನೋಡಬೇಕಿತ್ತು. ನೋಡುತ್ತ ನೋಡುತ್ತ ಸಿಟ್ಟು ಎಲ್ಲಿ ಬೇರೆಯಾಯಿತೆಂದು ತಿಳಿಯಲಿಲ್ಲ. ಅವರು ಯಾರಿಗೂ ಒಂದು ಕೆಟ್ಟ ಮಾತು ಬರೆದಿರಲಿಲ್ಲ. ತೇರದಾಳದ ಒಬ್ಬ ಸಾಹುಕಾರರು ತಮ್ಮ ವಂಶದ ಮೇಲೆ ಮೊಳದುದ್ದ ಹೊಗಳಿಕೆ ಬರೆಸಿದ್ದನ್ನೂ, ತಮ್ಮದೇ ಸಮಾಜದ ದೊಡ್ಡವರೊಬ್ಬರು ಹಾಕಿಸಿದ ಹೊಗಳಿಕೆಯನ್ನೂ ಅದೇ ಮೂರು ಶಬ್ದದಲ್ಲಿ ತೆಗೆದಿದ್ದರು. ಚಿಮ್ಮಡದ ಲೇಖನದಲ್ಲಿ ಒಬ್ಬ ದಿನಾ ಬಂದು ತನ್ನ ಗೆಳೆಯನನ್ನು ಊರಿನ ಹೆಸರಾಂತ ಕತ್ತೆ ಎಂದು ಸೇರಿಸುತ್ತಿದ್ದ. ಉಳಿದ ಕಾವಲುಗಾರರು ಬೇಸತ್ತು ಇಡೀ ಊರಿನ ನೆಟ್ ಸಂಪರ್ಕಕ್ಕೇ ತಡೆ ಹಾಕೋಣ ಎಂದಾಗ ಪಾರಿಸಪ್ಪ ಒಪ್ಪಲಿಲ್ಲ. ದಿನಾ ಕತ್ತೆಯನ್ನು ತೆಗೆದರು, ದಿನಾ ಅವನ ಪುಟದಲ್ಲಿ ಒಂದು ಸಾಲು ಬರೆದರು: 'ನಿಮ್ಮ ಊರಿಗೆ ಬಸ್ ಯಾವ ಯಾವ ಹೊತ್ತಿಗೆ ಬರುತ್ತದೆ? ನಮಗೆ ಗೊತ್ತಿಲ್ಲ, ನಿಮಗೆ ಗೊತ್ತಿದ್ದರೆ ಬರೆಯಿರಿ.' ಬಹಳ ದಿನಗಳ ಮೇಲೆ ಅವನು ಬಸ್ಸಿನ ವೇಳೆ ಬರೆದ. ಪಾರಿಸಪ್ಪ ನಿಲ್ದಾಣಕ್ಕೆ ಹೋಗಿ ಹಲಗೆ ನೋಡಿ, ಅದರಲ್ಲಿ ಒಂದು ವೇಳೆ ತಪ್ಪಾಗಿದ್ದನ್ನು ತಿದ್ದಿದರು. ಅದನ್ನು ಓದಿದ ದಿನ ನಂದಾ ನಕ್ಷೆಯ ಕೆಲಸ ಬಿಟ್ಟು ಮೊದಲಿನಿಂದ ಇನ್ನೊಮ್ಮೆ ಓದಿದಳು. ಇಂಥವರು ತನ್ನ ಪುಟ ಅಳಿಸಿದರೆ ಅದು ಸರಿಯೇ ಇರಬೇಕು ಎಂದುಕೊಂಡಳು. ಎಂದುಕೊಂಡದ್ದು ತಲೆ. ಬೆರಳು ಬೇರೆ ಏನನ್ನೋ ಇಟ್ಟುಕೊಂಡಿತ್ತು ಎಂದು ಇವತ್ತು ಗೊತ್ತಾಯಿತು.

"ಏನ್ ಬೇ, ಮಾರಿ ಯಾಕ ಸಪ್ಪಗಾತು?" ಅನಸವ್ವ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಶೇಂಗಾದ ಮೊರ.

"ಏನಿಲ್ರಿ ಅತ್ತಿ."

"ಏನಿಲ್ಲಂದ್ರ ಚಾ ಯಾಕ ಹಂಗ ಐತಿ? ಕೆನಿ ಕಟ್ಟೇತಿ ನೋಡು. ಆ ಡಬ್ಬಿಯೊಳಗ ಯಾರ ಜೋಡಿ ಜಗಳಾಡಾಕತ್ತಿ?"

"ಜಗಳ ಅಲ್ರಿ. ಒಬ್ಬರನ್ನ ಹೊರಗ ಹಾಕೇನಿ."

"ಹಾಕಿದ್ರ ಹಾಕಿದಿ. ಚಾ ಕುಡಿ," ಎಂದು ಅತ್ತೆ ಹೋದಳು.

ಆಗ ಫೋನ್ ಬಂತು. ಮುಧೋಳದ ಸಿದ್ಧಾಂತ, ಊರಕೋಶದ ಇನ್ನೊಬ್ಬ ಕಾವಲುಗಾರ. ಔಷಧ ಅಂಗಡಿ ನಡೆಸುತ್ತಾನೆ, ಗಿರಾಕಿಗಳ ನಡುವೆಯೇ ಮಾತಾಡುತ್ತಾನೆ. "ಅಕ್ಕಾರ, ಏನ್ ಧೈರ್ಯಾರೀ ನಿಮ್ಮದು! ಪಾರಿಸಪ್ಪ ಅಜ್ಜಾರಿಗೇ ತಡಿ ಹಾಕಿಬಿಟ್ರಿ?"

"ಅವರ ಖಾತೆ ಕಳುವಾಗೇತಿ ಸಿದ್ಧಾಂತ. ಎಲ್ಲಾ ಕಡೆ ಒಂದ ಮಾತು ಸುರವ್ಯಾಕತ್ತಾರ."

"ಕಳುವೂ ಇಲ್ಲ ಏನೂ ಇಲ್ಲ. ಇವತ್ತ ನಮ್ಮ ಜೈನರ ಕ್ಷಮಾವಣಿ ರೀ. ದಶಲಕ್ಷಣ ಪರ್ವ ಮುಗಿದ ಮ್ಯಾಲೆ ಎಲ್ಲಾರಿಗೂ ಕ್ಷಮಾ ಕೇಳತೇವಲ್ಲ, ಅದು. ನಮ್ಮವ್ವ ಮುಂಜಾನಿಂದ ಹಾಲಿನವಗೂ ಕೇಳ್ಯಾಳ, ಅವ ನೀರ ಬೆರಿಸಿದ್ದು ಗೊತ್ತಾತೇನೋ ಅಂತ ಗಾಬರಿ ಆಗ್ಯಾನ." ಅವನು ನಕ್ಕ. ಆಮೇಲೆ ದನಿ ತಗ್ಗಿಸಿದ. "ಲಗೂನ ತಗೀರಿ. ಕಾರಣ ಕೇಳಿದ್ರ ತಾಂತ್ರಿಕ ದೋಷ ಅಂತ ಬರದುಬಿಡ್ರಿ. ಯಾರ ನೋಡತಾರ? ಬೀಳಗಿ ಲಗಮಪ್ಪ ಸರ್ ಗೊತ್ತಲ್ಲ, ಅವರಿಗೂ ಹಿಂಗ ಒಮ್ಮೆ ತಪ್ಪಿ ತಡಿ ಬಿದ್ದಿತ್ತು. ಸಂಜೀಕ ತಗದ್ರು. ಆದ್ರ ಅವರು ಹೊಳ್ಳಿ ಬರಲಿಲ್ಲ."

ಇವರೂ ಹೊಳ್ಳಿ ಬರದಿದ್ದರೆ? ಅವಳು ಪಾರಿಸಪ್ಪನವರ ಪುಟ ತೆರೆದಳು. ತಡೆ ಬಿದ್ದವರು ತಮ್ಮ ಸ್ವಂತ ಪುಟದಲ್ಲಿ ಮಾತ್ರ ಬರೆಯಬಹುದು. ಬ್ಯಾರೇಜಿನ ಲೇಖನ ಕೆಡಿಸಿದವನೂ ತಡೆ ಬಿದ್ದ ಮೇಲೆ ತನ್ನ ಪುಟದಲ್ಲಿ ಎರಡು ಬೈಗುಳ ಬರೆದಿದ್ದ. ಪಾರಿಸಪ್ಪ ಏನೂ ಬರೆದಿರಲಿಲ್ಲ. ಸಿದ್ಧಾಂತ ಕೊಟ್ಟ ನಂಬರಿಗೆ ಹಚ್ಚಿದರೆ ಫೋನ್ ಬಂದ್. ಕಳುವಿನ ಅನುಮಾನದ ಮೇಲೆ ಹಾಕಿದ ತಡೆಯನ್ನು ತೆಗೆಯಬೇಕಾದರೆ, ಖಾತೆ ಅದೇ ಮನುಷ್ಯನ ಕೈಯಲ್ಲಿದೆ ಎಂದು ಹಾಕಿದವರು ಖಾತ್ರಿ ಮಾಡಿಕೊಳ್ಳಬೇಕು. ಆ ನಿಯಮ ಬರೆದವರೂ ಪಾರಿಸಪ್ಪನವರೇ. ಅವಳು ನಕ್ಷೆಯ ಕಿಟಕಿ ಮುಚ್ಚಿದಳು.

"ಎಲ್ಲಿಗೆ ಬೇ?" ಎಂದಳು ಅತ್ತೆ.

"ತೇರದಾಳಕ್ಕ. ಹೊರಗ ಹಾಕಿದವರನ್ನ ಒಳಗ ಕರೀಬೇಕಾಗೇತಿ."

ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕೇಳಿದ. ಅವಳು ತೋರಿಸಿದಳು, ಅವನು ಫೋಟೊ ನೋಡಿ, ಅವಳ ಮುಖ ನೋಡಿ, ಮತ್ತೊಮ್ಮೆ ಫೋಟೊ ನೋಡಿ ಹೆಂಗಸರಿಗೆ ಕೊಡುವ ಶೂನ್ಯ ದರದ ಚೀಟಿ ಹರಿದುಕೊಟ್ಟ. ತಾನು ತಾನೇ ಎಂದು ಇಷ್ಟು ಸಲೀಸಾಗಿ ಒಪ್ಪಿಕೊಂಡನಲ್ಲ ಎನ್ನಿಸಿತು. ಕಬ್ಬಿನ ಹಂಗಾಮು ಇನ್ನೂ ಶುರುವಾಗಿರಲಿಲ್ಲ, ರಸ್ತೆಯ ಎರಡೂ ಕಡೆ ಕಬ್ಬು ಆಳೆತ್ತರ ನಿಂತು ಊರುಗಳನ್ನು ಮುಚ್ಚಿತ್ತು. ಸಿಮೆಂಟ್ ಕಟ್ಟೆಯೊಂದರ ಮೇಲೆ ಮೊನ್ನೆ ಗಣಪತಿ ಕೂರಿಸಿದ್ದ ತಗಡಿನ ಮಂಟಪ ಬಿಚ್ಚದೆ ಹಾಗೇ ಇತ್ತು. ಕ್ಷಮಾವಣಿ ಬರುವುದೇ ಗಣಪತಿ ಹೋದ ಮೇಲೆ, ಹುಣ್ಣಿಮೆಯ ಮರುದಿನ. ಶಾಲೆಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಸುಪ್ರೀತಾ ಇವತ್ತಿನ ದಿನವೇ ಅವ್ವನ ಜೊತೆ ಮನೆಗೆ ಬರುತ್ತಿದ್ದಳು. ಸುಪ್ರೀತಾಳ ಅವ್ವ ಚಪ್ಪಲಿ ಬಿಟ್ಟು ಒಳಗೆ ಬಂದು, ನಂದಾಳ ಅವ್ವನಿಗೆ ಕೈಮುಗಿದು, ಏನಾರ ತಪ್ಪಾಗಿದ್ರ ಹೊಟ್ಟಿಗಿ ಹಾಕ್ಕೋರಿ ಅನ್ನುತ್ತಿದ್ದಳು. ನಂದಾಳ ಅವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ನೀವೇನ ತಪ್ಪ ಮಾಡೀರಿ ಬರ್ರಿ, ಎಂದು ನಾಚಿಕೊಳ್ಳುತ್ತಿದ್ದಳು. ಒಂದು ವರ್ಷ ಸುಪ್ರೀತಾಳೂ ಅವ್ವನನ್ನು ನೋಡಿ ನಂದಾಳಿಗೆ ಕೈಮುಗಿದಿದ್ದಳು, ಪೆನ್ಸಿಲ್ ಮುರಿದದ್ದಕ್ಕೆ. ನಂದಾ ಕ್ಷಮಿಸಲಿಲ್ಲ, ಮುಖ ತಿರುಗಿಸಿ ಒಳಗೆ ಓಡಿದ್ದಳು. ಅದೆಲ್ಲ ಗೊತ್ತಿದ್ದ ಹೆಣ್ಣು ತಾನು. ಅದೇ ಮಾತು, ಅದೇ ದಿನ, ಪಾರಿಸಪ್ಪ ಎಂಬ ಜೈನ ಹೆಸರು, ಬಸದಿಯಿರುವ ತೇರದಾಳ ಎಂಬ ಊರು, ನಾಲ್ಕೂ ಪರದೆಯ ಮೇಲೆ ಒಂದೇ ಸಾಲಿನಲ್ಲಿದ್ದವು. ಬೆಂಗಳೂರಿನ ಕಾವಲುಗಾರ ತಪ್ಪಿದ್ದರೆ ತಪ್ಪಿದ ಎನ್ನಬಹುದಿತ್ತು. ಗೊತ್ತಿದ್ದದ್ದು ಆ ಗಳಿಗೆಯಲ್ಲಿ ಯಾಕೆ ಎದ್ದು ಬರಲಿಲ್ಲ? ಬರದ ಹಾಗೆ ಯಾರು ಬಾಗಿಲು ಹಾಕಿದ್ದರು? ಪಕ್ಕದಲ್ಲಿ ಕೂತ ಹೆಂಗಸು, "ಸ್ವಲ್ಪ ಸರೀರಿ ಯವ್ವಾ," ಎಂದಳು. ತಾನು ಸೀಟಿನ ಅರ್ಧಕ್ಕಿಂತ ಹೆಚ್ಚು ಹಿಡಿದಿದ್ದೇನೆ ಎಂದು ಆಗ ಗೊತ್ತಾಗಿ, ಅವಳು ಕಿಟಕಿಗೆ ಒತ್ತಿಕೊಂಡಳು.

ಅಂಗಡಿ ಪೇಟೆಯ ತಿರುವಿನಲ್ಲಿತ್ತು, ಬೆಲ್ಲ ಮತ್ತು ಕಾಳಿನದು. ಅಚ್ಚು ಹಾಕಿದ ಬೆಲ್ಲದ ಪೆಂಟೆಗಳ ನಡುವೆ ಒಂದು ಹಳೆಯ ಕಂಪ್ಯೂಟರ್, ಅದರ ಮೇಲೆ ಧೂಳು ಬೀಳದಿರಲೆಂದು ಬಿಳಿ ಪಂಚೆ. ಪಾರಿಸಪ್ಪ ಅವಳು ಅಂದುಕೊಂಡದ್ದಕ್ಕಿಂತ ಗಿಡ್ಡ ಇದ್ದರು. ಆಗಷ್ಟೇ ಬಸದಿಯಿಂದ ಬಂದು ಬಾಗಿಲ ಹಲಗೆ ತೆಗೆಯುತ್ತಿದ್ದರು. "ಏನ ಬೇಕ್ರಿ ತಂಗಿ? ಕಡ್ಲಿ ಹೊಸಾವ ಬಂದಾವ," ಎಂದರು.

"ನಾ ನಂದಾ ರೀ. ರಬಕವಿ."

ಅವರು ಹಲಗೆಯನ್ನು ಗೋಡೆಗೆ ಒರಗಿಸಿ, ಎರಡೂ ಕೈ ಜೋಡಿಸಿಬಿಟ್ಟರು. "ನನ್ನಿಂದ ಏನರೆ ನೋವಾಗಿದ್ರ ಕ್ಷಮಾ ಮಾಡ್ರಿ."

ದಾರಿಯುದ್ದಕ್ಕೂ ಅವಳು ಜೋಡಿಸಿಕೊಂಡು ಬಂದದ್ದೂ ಅದೇ ಮಾತು. "ನೀವ ಮೊದಲ ಕೇಳಿಬಿಟ್ರ ನಾ ಬಂದದ್ದು ಯಾತಕ್ಕರಿ?" ಎಂದಳು. ಮಾತಿನಲ್ಲಿ ಸಿಟ್ಟಿತ್ತು, ಅದು ಅವಳಿಗೇ ಕೇಳಿಸಿತು.

ಪಾರಿಸಪ್ಪ ನಕ್ಕರು. "ಕುಂದರ್ರಿ. ತಡಿ ಬಿದ್ದದ್ದ ನೋಡಿದ್ನಿರಿ. ಬರೊಬ್ಬರಿ ಐತಿ. ಒಂದ ಮಾತು ನೂರ ಪುಟಕ್ಕ ಹಾಕಾಕತ್ತರ ಯಾರಾದ್ರೂ ತಡೀಬೇಕು. ಹೋದ ವರ್ಷ ಯಾರೂ ತಡೀಲಿಲ್ಲ, ನಮ್ಮ ಮಂದಿ ನಿದ್ದಿ ಹೊಡ್ಯಾಕತ್ತಾರ ಅನ್ಕೊಂಡಿದ್ನಿ. ಮೊದಲ ಗುಂಪಿನ್ಯಾಗ ಹೇಳಿ ಹಾಕಬೇಕಾಗಿತ್ತು, ತಪ್ಪು ನಂದ. ಕಂಪ್ಯೂಟರ್ ಬಂದ್ ಮಾಡಿ ಬಸದಿಗೆ ಹ್ವಾದ್ನಿ."

ಅವಳಿಗೆ ಖಾತ್ರಿಯ ನಿಯಮ ನೆನಪಾಯಿತು. ಖಾತೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಕೇಳಬೇಕು. ಬಸ್ಸಿನಲ್ಲೇ ಅವಳು ಅದನ್ನು ಆರಿಸಿ ಇಟ್ಟುಕೊಂಡಿದ್ದಳು. ಬೇರೆ ಯಾವ ಪ್ರಶ್ನೆಯೂ ಅವಳಿಗೆ ಹೊಳೆದಿರಲೇ ಇಲ್ಲ. "ನಾ ಮೊದಲ ಬರದ ಪುಟಾ ನೀವು ಅಳಿಸಿದ್ರಿ. ಅದು ಯಾತರ ಮ್ಯಾಲೆ ಇತ್ತು ಹೇಳ್ರಿ."

ಪಾರಿಸಪ್ಪ ಕಣ್ಣು ಸಣ್ಣದು ಮಾಡಿ ಬೀದಿಯ ಕಡೆ ನೋಡಿದರು. ಟ್ರ್ಯಾಕ್ಟರ್ ಒಂದು ಹಾದುಹೋಯಿತು. ಅವರು ನಿಜವಾಗಿಯೂ ನೆನಪಿಸಿಕೊಳ್ಳಲು ನೋಡುತ್ತಿದ್ದರು, ಅದು ಕಾಣುತ್ತಿತ್ತು. "ಇಲ್ಲರಿ ತಂಗಿ. ನೆನಪಾಗವಲ್ದು. ನಿಮ್ಮದೊಂದು ಅಳಿಸೇನಿ ಅನ್ನೋದ ನನಗ ಗೊತ್ತಿಲ್ಲ."

ಎರಡು ವರ್ಷ ಅವಳು ಹೊತ್ತದ್ದು ಈ ಮನುಷ್ಯನಲ್ಲಿ ಎಲ್ಲೂ ಇರಲಿಲ್ಲ. ಬೆಲ್ಲದ ಮೇಲೆ ಕೂತಿದ್ದ ನೊಣವೊಂದು ಎದ್ದು ಮತ್ತೆ ಅಲ್ಲೇ ಕೂತಿತು. ಅವಳಿಗೆ ಮೊದಲು ಅವಮಾನವಾಯಿತು, ಆಮೇಲೆ ವಿಚಿತ್ರವಾದ ಹಗುರ.

"ಹಂಗಾರ ನಾ ಖರೇ ಪಾರಿಸಪ್ಪ ಅಲ್ಲ ನೋಡ್ರಿ, ಪರೀಕ್ಷಾ ಫೇಲ್," ಎಂದು ಅವರೇ ನಕ್ಕು, ಪಂಚೆ ಸರಿಸಿ ಕಂಪ್ಯೂಟರ್ ಹಚ್ಚಿ, ಅವಳ ಎದುರೇ ತಮ್ಮ ಖಾತೆ ತೆರೆದು ತೋರಿಸಿದರು. ಅಳಿಸಿದ ಪುಟಗಳಲ್ಲಿ ಅವಳ ಪುಟವನ್ನು ಹುಡುಕಿ ತೆಗೆದರು. ಕನ್ನಡಕ ಹಾಕಿಕೊಂಡು, ತುಟಿ ಅಲುಗಿಸುತ್ತ ಪೂರ್ತಿ ಓದಿದರು. ಅತ್ತೆಯ ಮಾತುಗಳು ಆ ಬೆಲ್ಲದ ಅಂಗಡಿಯಲ್ಲಿ ಒಂದೊಂದಾಗಿ ಅವರ ತುಟಿಯ ಮೇಲೆ ಹಾದುಹೋದವು. "ಛಲೋ ಬರದೀರಿ," ಎಂದರು. "ಆದ್ರ ಇವತ್ತ ಬಂದರೂ ಅಳಸತೇನ್ರಿ. ನಮ್ಮ ಓಣ್ಯಾಗ ಹುಟ್ಟೇತಿ ಅಂತ ಎಲ್ಲಾ ಓಣಿಯವರೂ ಅಂತಾರ. ಅಳಿಸಿದ್ದಕ್ಕ ಕ್ಷಮಾ ಕೇಳಂಗಿಲ್ಲ. ನಿಮ್ಮನ್ನ ಒಂದು ಮಾತು ಕೇಳದನ ಅಳಿಸಿದ್ನಲ್ಲ, ಅದಕ್ಕ ಕೇಳತೇನಿ."

ಅವಳು ಹೇಳಬಾರದೆಂದುಕೊಂಡಿದ್ದನ್ನು ಹೇಳಿದಳು. "ಅಜ್ಜಾರ, ಇವತ್ತ ನಿಮ್ಮ ಹೆಸರಿನ ಮ್ಯಾಲೆ ಆ ಗುಂಡಿ ಒತ್ತುವಾಗ ನನಗ ಸ್ವಲ್ಪ ಛಲೋ ಅನಿಸ್ತ್ರಿ."

ಪಾರಿಸಪ್ಪ ಕನ್ನಡಕ ತೆಗೆದರು. ಗಿರಾಕಿಯೊಬ್ಬ ಬಂದು ಶೇಂಗಾ ಕೇಳಿದ. ತೂಗಿ, ಕಟ್ಟಿ ಕೊಟ್ಟು ಕಳಿಸಿದರು. ತಕ್ಕಡಿಯ ತಟ್ಟೆಯನ್ನು ಅಂಗೈಯಿಂದ ಒರೆಸುತ್ತ, ಅವಳ ಕಡೆ ನೋಡದೆ ಹೇಳಿದರು. "ನನಗೂ ಅನಸ್ತೈತ್ರಿ. ಪ್ರತಿ ಸಲ. ಲೇಖನ ಕೆಡಿಸಿದವನ್ನ ತಡದೆ ಅಂದ್ರ ಒಂಥರಾ ಖುಷಿ ಆಕ್ಕೈತಿ. ನ್ಯಾಯದ ಖುಷಿ ಬ್ಯಾರೆ, ಇದು ಬ್ಯಾರೆ. ಎರಡೂ ಕೂಡೇ ಬರತಾವು, ಆರಿಸಿ ತಗ್ಯಾಕ ಬರಂಗಿಲ್ಲ. ಅದಕ್ಕ ವರ್ಷಕ್ಕೊಮ್ಮೆ ಎಲ್ಲಾರ ಪುಟಕ್ಕೂ ಹೋಗತೇನಿ."

"ಗುಳಿಗಿ ಮಾರೋ ಯಂತ್ರಕ್ಕೂ?"

"ಯಾವುದು ಯಂತ್ರ, ಯಾವುದು ಹೊಟ್ಟಿಪಾಡಿನ ಹುಡುಗ ಅಂತ ನನಗೇನ ಗೊತ್ತ್ರಿ? ಎಲ್ಲಾ ಜೀವಕ್ಕೂ ಕ್ಷಮಾ ಕೇಳತೇವಿ ಅಂತ ಬಸದ್ಯಾಗ ಹೇಳೇವಿ. ಯಂತ್ರ ಇದ್ರ ಸುಮ್ಮನಿರತೈತಿ, ನಷ್ಟ ಏನಿಲ್ಲ."

ಅವಳು ತನ್ನ ಫೋನಿನಲ್ಲಿ ಊರಕೋಶ ತೆರೆದಳು. ತಡೆ ತೆಗೆಯುವ ಪುಟದಲ್ಲಿ ಕಾರಣದ ಚೌಕ ಖಾಲಿ ಇತ್ತು. ತಾಂತ್ರಿಕ ದೋಷ ಎಂಬ ಎರಡು ಶಬ್ದ ಬೆರಳ ತುದಿಯಲ್ಲಿದ್ದವು; ಯಾರ ನೋಡತಾರ ಎಂದು ಸಿದ್ಧಾಂತ ಅಂದದ್ದೂ ಖರೆಯೇ. ಎದುರಿನ ಮನುಷ್ಯ ಒಂದು ಬಸ್ಸಿನ ವೇಳೆ ಸರಿ ಇದೆಯೋ ಇಲ್ಲವೋ ನೋಡಲು ಬಿಸಿಲಲ್ಲಿ ನಿಲ್ದಾಣಕ್ಕೆ ಹೋಗಿದ್ದ. ಅವಳು ಬರೆದಳು: 'ಖಾತೆ ಕಳುವಾಗಿಲ್ಲ, ಖುದ್ದಾಗಿ ನೋಡಿದ್ದೇನೆ. ಇಂದು ಕ್ಷಮಾವಣಿ. ಅದು ನನಗೆ ಗೊತ್ತಿದ್ದ ದಿನ. ಕೇಳದೆ ತಡೆದದ್ದು ನನ್ನ ತಪ್ಪು. ನಂದಾ ರಬಕವಿ.' ಪಾರಿಸಪ್ಪ ಅದನ್ನು ತಮ್ಮ ಪರದೆಯಲ್ಲಿ ಓದಿ, "ಉದ್ದಾತು," ಎಂದರು. "ಇರ್ಲಿ ಬಿಡ್ರಿ." ಹೊರಡುವಾಗ ಅತ್ತೆಯವರಿಗೆಂದು ಒಂದು ಬೆಲ್ಲದ ಪೆಂಟೆ ಕಾಗದದಲ್ಲಿ ಸುತ್ತಿ ಕೊಟ್ಟರು. ಅವಳು ಬೇಡವೆಂದಳು, ಅವರು ಕೇಳಲಿಲ್ಲ.

ಮನೆಗೆ ಬಂದಾಗ ಕರೆಂಟ್ ಹೋಗಿ ಮಗ್ಗಗಳು ನಿಂತಿದ್ದವು. ಅನಸವ್ವ ಕಟ್ಟೆಯ ಮೇಲೆ ಕೂತಿದ್ದಳು. ನಂದಾ ಬೆಲ್ಲ ಕೊಟ್ಟು, ಪಕ್ಕದಲ್ಲಿ ಕೂತು, ಅಂಚಿನ ಪುಟ ಹೋದದ್ದು ನೆಟ್ ಇಲ್ಲದ್ದಕ್ಕಲ್ಲ, ಅಳಿಸಿದ್ದಕ್ಕೆ ಎಂದು ಹೇಳಿದಳು. "ಗೊತ್ತೈತಿ ಬೇ," ಎಂದಳು ಅತ್ತೆ. "ಎರಡ ವರ್ಷ ನೆಟ್ ಇಲ್ಲದನ ಇರತೈತೇನ?" ಬೆಲ್ಲದ ಚೂರೊಂದನ್ನು ಮುರಿದು ಬಾಯಿಗೆ ಹಾಕಿಕೊಂಡು, "ಭಾಳ ಛಲೋ ಐತಿ. ಎಲ್ಲೀದು?" ಎಂದು ಕೇಳಿದಳು.

ಕರೆಂಟ್ ಬಂದ ಮೇಲೆ ನಂದಾ ನಕ್ಷೆ ಮುಗಿಸಿ ಬನಹಟ್ಟಿಗೆ ಕಳಿಸಿದಳು. ಪರದೆಯ ಬಲಭಾಗದಲ್ಲಿ ಅದೇ ಎರಡು ವಾಕ್ಯ ಮತ್ತೆ ಬರಲು ಶುರುವಾಗಿತ್ತು. ಸೋಸುಯಂತ್ರ ಎಲ್ಲಕ್ಕೂ ಕೆಂಪು ಹಚ್ಚುತ್ತಿತ್ತು, ಅವಳು ಒಂದೊಂದಕ್ಕೂ ಸರಿ ಇದೆ ಎಂದು ಗುರುತು ಹಾಕುತ್ತ ಹೋದಳು. ಅವಳ ಪುಟಕ್ಕೂ ಅವೇ ಬಂದವು, ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಅದಕ್ಕೂ ಗುರುತು ಹಾಕಿದಳು. ಕತ್ತಲಾದ ಮೇಲೆ ಉಣ್ಣದ ತಮ್ಮ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲು ಪಾರಿಸಪ್ಪ ಊಟಕ್ಕೆ ಎದ್ದರು, ಉಳಿದ ಪುಟಗಳಿಗೆ ಮರುದಿನ ಬೆಳಿಗ್ಗೆ ಬರೆದರು.